ಪಂಜರದ ಬಾಗಿಲು ತೆಗೆದ ದಿನ: ಒಂದು ಗಿಣಿ, ನಾಲ್ಕು ಬಡ್ಜಿ, ಒಂದು ಮನೆ

ಇದು ಮೈಸೂರಿನ ಒಂದು ಹಳೇ ಬಡಾವಣೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಿಣಿಯ ಹೆಸರೂ ನಿಜವಾದದ್ದಲ್ಲ, ಇಲ್ಲಿ ಅದನ್ನು ಮುತ್ತು ಅಂತ ಕರೆಯುತ್ತೇನೆ.

ಗಾಯವಾದ ಹಕ್ಕಿಗಳನ್ನು ಎತ್ತಿಕೊಂಡು ಹೋಗಿ ಆರೈಕೆ ಕೇಂದ್ರಕ್ಕೆ ಸೇರಿಸುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಬಿಡುವಿನಲ್ಲಿ ಮಾಡುತ್ತಾ ಬಂದಿದ್ದೇನೆ. ನಾನು ಡಾಕ್ಟರಲ್ಲ, ಅಧಿಕಾರಿಯೂ ಅಲ್ಲ. ನೋಡಿದ ಪ್ರಕರಣಗಳಲ್ಲಿ ಇದೊಂದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಈ ಮನೆಯಲ್ಲಿ ಎರಡು ಬಗೆಯ ಹಕ್ಕಿಗಳಿದ್ದವು. ಒಂದು ನಮ್ಮ ಕಾಡುಮೇಡಿನ ಗಿಣಿ, ಇನ್ನೊಂದು ಹೊರದೇಶದ ಬಡ್ಜಿ, ಅಂಗಡಿಯಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಪುಟ್ಟ ಹಕ್ಕಿ. ಒಂದೇ ದಿನ, ಒಂದೇ ಗಳಿಗೆಯಲ್ಲಿ ಎರಡೂ ಪಂಜರಗಳ ಬಾಗಿಲು ತೆಗೆದರು. ಎರಡೂ ತಪ್ಪಾಯಿತು. ಆದರೆ ತಪ್ಪಿನ ಕಾರಣ ಬೇರೆ ಬೇರೆ.

ಮನೆ, ಹಕ್ಕಿಗಳು

ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ, ಡಿಗ್ರಿ ಓದುವ ಮೊಮ್ಮಗಳು. ಇನ್ನೊಬ್ಬ ಮಗ ಲಂಡನ್ನಿನಲ್ಲಿದ್ದಾರೆ. ಅಜ್ಜ 2021ರಲ್ಲಿ ತೀರಿಕೊಂಡರು.

ಮುತ್ತುವನ್ನು ತಂದವರು ಅಜ್ಜನೇ, 2017ರಲ್ಲಿ. ಬೆಳಿಗ್ಗೆ ವಾಕಿಂಗ್ ಹೋದವರು ರಟ್ಟಿನ ಡಬ್ಬ ಹಿಡಿದುಕೊಂಡು ಬಂದರಂತೆ. ಸೈಕಲ್ಲಿನಲ್ಲಿ ಮಾರಿಕೊಂಡು ಹೋಗುತ್ತಿದ್ದವನ ಹತ್ತಿರ ನಾನೂರು ರೂಪಾಯಿಗೆ ಕೊಂಡದ್ದು. ಒಳಗೆ ಅರ್ಧ ಗರಿ ಬಂದ ಮರಿ, ಕಣ್ಣು ಮಾತ್ರ ದೊಡ್ಡದು. "ಮನೇಲೇ ಮರಿ ಮಾಡ್ಸಿರೋದು ಸಾರ್, ಕಾಡಿಂದಲ್ಲ" ಅಂದಿದ್ದನಂತೆ ಮಾರಿದವನು.

ಈ ಮಾತನ್ನು ನಾನು ತುಂಬಾ ಮನೆಗಳಲ್ಲಿ ಕೇಳಿದ್ದೇನೆ. ಬೀದಿಯಲ್ಲಿ ಮಾರುವ ಗಿಣಿಮರಿಯ ವಿಷಯದಲ್ಲಿ ಅದನ್ನು ನಂಬಬೇಡಿ. ನಮ್ಮ ಗಿಣಿ ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿ. ಒಣಗಿದ ತೆಂಗಿನ ಮರ, ಹಳೇ ಮಾವು, ಕೆಲವೊಮ್ಮೆ ಹಳೇ ಕಟ್ಟಡದ ಗೋಡೆಯ ತೂತು. ವರ್ಷದ ಶುರುವಿನಿಂದ ಬೇಸಿಗೆಯವರೆಗೆ ಅದರ ಮರಿಗಾಲ. ಮರಿ ಮಾರುವವರು ಬೀದಿಗೆ ಬರುವುದೂ ಆಗಲೇ. ಪೊಟರೆಯೊಳಗೆ ಕೈ ಹೋಗದಿದ್ದರೆ ಬಾಯಿ ಅಗಲ ಮಾಡುತ್ತಾರೆ, ಇಲ್ಲವೇ ಕೊಂಬೆಯನ್ನೇ ಕಡಿಯುತ್ತಾರೆ. ಮರಿಯ ಜೊತೆಗೆ ಗೂಡೂ ಹೋಯಿತು. ಮರುವರ್ಷ ಆ ಜಾಗಕ್ಕೆ ಬರಬೇಕಿದ್ದ ಮೈನಾ, ಹಾಲಕ್ಕಿಗಳಿಗೂ ಜಾಗ ಇಲ್ಲ.

ಅಜ್ಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಮರಿಗೆ ಬೆರಳಿನಲ್ಲಿ ಅನ್ನ ಕಲಸಿ ತಿನ್ನಿಸಿ ಬೆಳೆಸಿದರು. ಮೂರನೇ ವರ್ಷಕ್ಕೆ ಅದರ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಮೂಡಿತು. ಗಂಡು ಗಿಣಿಗೆ ಬರುವ ಪಟ್ಟಿ ಅದು. "ಮುತ್ತು ಹಾರ ಹಾಕ್ಕೊಂಡಿದಾನೆ" ಅಂತ ಅವತ್ತು ಮನೆಯಲ್ಲಿ ಪಾಯಸ ಆಯಿತಂತೆ. ದಿನಾ ಬೆಳಿಗ್ಗೆ ಆರಕ್ಕೆ ಅಜ್ಜ ಅಡುಗೆಮನೆ ಕಡೆ ತಿರುಗಿ "ಕಾಫಿ ಆಯ್ತಾ?" ಅಂತ ಕೇಳುತ್ತಿದ್ದರು. ಮುತ್ತು ಅದನ್ನು ಕಲಿಯಿತು. ಬರೀ ಮಾತನ್ನಲ್ಲ, ಅಜ್ಜನ ದನಿಯನ್ನೇ. ಕೊನೆಯ ಅಕ್ಷರವನ್ನು ಅವರು ಸ್ವಲ್ಪ ಎಳೆಯುತ್ತಿದ್ದರಂತೆ, ಅದೂ ಹಾಗೇ.

ಅಜ್ಜ ಹೋದ ಮೇಲೂ ಆ ಮನೆಯಲ್ಲಿ ದಿನಾ ಆರು ಗಂಟೆಗೆ ಅವರ ದನಿ ಕೇಳುತ್ತಿತ್ತು. ಈ ಪ್ರಕರಣದಲ್ಲಿ ಮುಂದೆ ಆದದ್ದೆಲ್ಲಾ ಅರ್ಥವಾಗಬೇಕಾದರೆ ಇದು ನೆನಪಿರಬೇಕು. ಗಿಣಿ ಸಾಕುವವರನ್ನು ಕಟುಕರ ಹಾಗೆ ಕಂಡು ಮಾತಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಈ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಬೇರೆ ಕಡೆ. ಪಂಜರ ಒಂದೂವರೆ ಅಡಿ ಎತ್ತರದ್ದು. ಗಿಣಿ ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 40 ಸೆಂಟಿಮೀಟರ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ತಿರುಗಿದಾಗೆಲ್ಲಾ ಕಂಬಿಗೆ ಉಜ್ಜಿ ಬಾಲದ ಗರಿಗಳು ಹಳೇ ಪೊರಕೆಯ ಹಾಗೆ ಸೀಳಿದ್ದವು. ಹಾರಿಹೋಗಬಾರದು ಅಂತ ವರ್ಷಕ್ಕೊಮ್ಮೆ ರೆಕ್ಕೆಯ ಗರಿ ಕತ್ತರಿಸುತ್ತಿದ್ದರು. ಊಟ ಸೂರ್ಯಕಾಂತಿ ಬೀಜ, ಹಸಿಮೆಣಸಿನಕಾಯಿ, ಅನ್ನ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು.

ಬಡ್ಜಿಗಳು ಬಂದದ್ದು ಲಾಕ್‌ಡೌನ್ ಕಾಲದಲ್ಲಿ. ಮೊಮ್ಮಗಳು ಹಟ ಮಾಡಿದಳು, ಅಪ್ಪ ಅಂಗಡಿಯಿಂದ ಒಂದು ಜೋಡಿ ತಂದರು. ಅಂಗಡಿಯವರು ಲವ್ ಬರ್ಡ್ಸ್ ಅಂದರು. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ ಹಕ್ಕಿ, ಇವು ಆಸ್ಟ್ರೇಲಿಯಾದ ಬಡ್ಜರಿಗಾರ್. ಪಂಜರದ ಜೊತೆಗೆ ಒಂದು ಪುಟ್ಟ ಮಣ್ಣಿನ ಮಡಕೆಯನ್ನೂ ಪುಕ್ಕಟೆ ಕೊಟ್ಟರು. ಮಡಕೆ ಕಟ್ಟಿದರೆ ಬಡ್ಜಿ ಮೊಟ್ಟೆ ಇಡುತ್ತದೆ. ಇಟ್ಟವು. ಮತ್ತೆ ಇಟ್ಟವು. ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚಿ ಹಂಚಿ ಕೊನೆಗೆ ನಾಲ್ಕು ಉಳಿದವು.

ಭಯ

2023ರ ಮಾರ್ಚ್. ಕಾಲೇಜಿನಲ್ಲಿ ವನ್ಯಜೀವಿಗಳ ಬಗ್ಗೆ ಯಾರೋ ಬಂದು ಮಾತಾಡಿದ್ದರು. ಮೊಮ್ಮಗಳು ಮನೆಗೆ ಬಂದವಳೇ "ಅಪ್ಪಾ, ಮುತ್ತೂನ ಇಟ್ಕೊಂಡಿರೋದೇ ತಪ್ಪಂತೆ" ಅಂದಳು.

ಅವಳು ಹೇಳಿದ್ದು ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ದೇಶದ ಗಿಣಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಅಪರಾಧ. ನಮ್ಮ ದೇಶೀ ಹಕ್ಕಿಗಳ ವ್ಯಾಪಾರಕ್ಕೆ 1990ರ ದಶಕದ ಶುರುವಿನಲ್ಲೇ ನಿಷೇಧ ಬಂದಿದೆ. ಗಿಣಿ ಮಾತ್ರ ಅಲ್ಲ, ರಾಟವಾಳ, ಕಾಡುಮೈನಾ ಕೂಡ. ಬಡ್ಜಿ ಈ ಪಟ್ಟಿಗೆ ಬರುವುದಿಲ್ಲ, ಅದು ಹೊರಗಿನ ಹಕ್ಕಿ.

ಅಪ್ಪ ರಾತ್ರಿ ಕೂತು ಮೊಬೈಲಿನಲ್ಲಿ ಹುಡುಕಿದರು. ಮೂರು ವರ್ಷದವರೆಗೆ ಜೈಲು. ದಂಡದ ಮಿತಿ ಇಪ್ಪತ್ತೈದು ಸಾವಿರ ಇದ್ದದ್ದು 2022ರ ತಿದ್ದುಪಡಿಯಲ್ಲಿ ಒಂದು ಲಕ್ಷ ಆಗಿದೆ, ಏಪ್ರಿಲ್ 1ರಿಂದ ಜಾರಿ. ಅವರು ಸರ್ಕಾರಿ ನೌಕರರು. ನಿದ್ದೆ ಹಾರಿತು.

ಮುಂದಿನ ನಾಲ್ಕು ದಿನ ಮನೆಯಲ್ಲಿ ನಡೆದ ಚರ್ಚೆಯನ್ನು ಮೊಮ್ಮಗಳು ನನಗೆ ಆಮೇಲೆ ವಿವರವಾಗಿ ಹೇಳಿದಳು. ಮೂರು ದಾರಿ ಕಂಡವು. ಹಳ್ಳಿಯ ನೆಂಟರ ಮನೆಗೆ ಸಾಗಿಸುವುದು. ಇದನ್ನು ಅಜ್ಜಿಯೇ ಬೇಡ ಅಂದರು, "ನಮ್ಮ ತಪ್ಪನ್ನ ಅವರ ತಲೆಗೆ ಕಟ್ಟೋದಾ?" ಅಂತ. ಅರಣ್ಯ ಇಲಾಖೆಗೆ ಫೋನ್ ಮಾಡುವುದು. ಇದಕ್ಕೆ ಅಪ್ಪ ಒಪ್ಪಲಿಲ್ಲ, ಕೇಸು ಹಾಕಿದರೆ ಕೆಲಸಕ್ಕೇ ಕುತ್ತು ಅಂತ. ಉಳಿದದ್ದು ಸದ್ದಿಲ್ಲದೆ ಹಾರಿಬಿಡುವುದು.

ಲಂಡನ್ನಿನ ಮಗನನ್ನೂ ಕೇಳಿದರು. ಅವರು ಹೇಳಿದ ಮಾತು ಎಲ್ಲರಿಗೂ ಹಿಡಿಸಿತು. "ಇಲ್ಲಿ ಪಾರ್ಕ್‌ಗಳ ತುಂಬಾ ನಮ್ಮ ಗಿಣಿಗಳೇ. ಯಾರೋ ಸಾಕಿದ್ದು ತಪ್ಪಿಸ್ಕೊಂಡು ಹೋಗಿದ್ದಂತೆ. ಈ ಚಳೀಲೇ ಬದುಕಿವೆ ಅಂದ್ಮೇಲೆ ಮೈಸೂರಲ್ಲಿ ಬದುಕೋದಿಲ್ವಾ?"

ಕೇಳಿದರೆ ಹೌದಲ್ವಾ ಅನಿಸುತ್ತದೆ. ಲಂಡನ್ನಿನ ವಿಷಯ ಸುಳ್ಳೂ ಅಲ್ಲ. ಆದರೆ ಅಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬದುಕಿದ ಹಕ್ಕಿಗಳು ಮತ್ತು ಅವುಗಳ ಸಂತಾನ ಮಾತ್ರ. ಪಂಜರದಿಂದ ಹೊರಬಿದ್ದು ಮೊದಲ ವಾರದಲ್ಲೇ ಸತ್ತವನ್ನು ಯಾರೂ ಎಣಿಸಿಲ್ಲ. ಬದುಕಿ ಹೆಚ್ಚಿದ್ದೂ ಅಲ್ಲಿನ ಜೀವಿಗಳ ಪಾಲಿಗೆ ಒಳ್ಳೆಯ ಸುದ್ದಿ ಏನಲ್ಲ. ಸ್ಪೇನಿನ ಸೆವಿಲ್ಲೆ ನಗರದ ಒಂದು ಪಾರ್ಕಿನಲ್ಲಿ ಇದೇ ಗಿಣಿಗಳು ಅಲ್ಲಿನ ಅಪರೂಪದ ದೊಡ್ಡ ಬಾವಲಿಗಳನ್ನು ಕಚ್ಚಿ ಪೊಟರೆಗಳಿಂದ ಓಡಿಸುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ನಮ್ಮಲ್ಲಿ ಪೊಟರೆ ಕಳೆದುಕೊಳ್ಳುತ್ತಿರುವ ಹಕ್ಕಿಯೇ ಅಲ್ಲಿ ಪೊಟರೆ ಕಿತ್ತುಕೊಳ್ಳುತ್ತಿದೆ. ತಪ್ಪು ಹಕ್ಕಿಯದಲ್ಲ, ಅದನ್ನು ಡಬ್ಬದಲ್ಲಿ ಹಾಕಿ ಸಮುದ್ರ ದಾಟಿಸಿದವರದು.

ಅಂತೂ ತೀರ್ಮಾನ ಆಯಿತು. ಯುಗಾದಿ ದಿನ ಬಿಡುವುದು. ಹೊಸ ವರ್ಷ, ಪುಣ್ಯದ ಕೆಲಸ. ಬಿಡುವುದಾದರೆ ಎಲ್ಲವನ್ನೂ ಬಿಡೋಣ ಅಂತ ಬಡ್ಜಿಗಳೂ ಸೇರಿದವು.

ಮಾರ್ಚ್ 22

ಬೆಳಿಗ್ಗೆ ಏಳೂವರೆ. ತಾರಸಿಯ ಮೇಲೆ ಎರಡು ಪಂಜರ ಇಟ್ಟರು. ಅಜ್ಜಿ ಮುತ್ತುಗೆ ಬೇವು ಬೆಲ್ಲ ಕೊಟ್ಟರು. ಬಾಗಿಲು ತೆಗೆದರು.

ಐದು ನಿಮಿಷ ಅದು ಹೊರಗೇ ಬರಲಿಲ್ಲ. ಆಮೇಲೆ ಬಾಗಿಲ ಅಂಚಿಗೆ ಬಂದು ಕೂತಿತು. ಮಗ ಕೈಯಿಂದ ಮೆಲ್ಲಗೆ ಮುಂದೆ ತಳ್ಳಿದರು. ಗಿಣಿ ರೆಕ್ಕೆ ಬಡಿಯಿತು, ಆದರೆ ಮೇಲೇಳಲಿಲ್ಲ. ಕಲ್ಲು ಎಸೆದ ಹಾಗೆ ಓರೆಯಾಗಿ ಇಳಿದು ಪಕ್ಕದ ಮನೆಯ ಸಜ್ಜಾಕ್ಕೆ ಬಡಿಯಿತು. ಅಷ್ಟರಲ್ಲಿ ಎರಡು ಕಾಗೆ ಬಂದವು. ನಿಮಿಷದೊಳಗೆ ಏಳೆಂಟು. ಅಜ್ಜಿ ಮೇಲಿನಿಂದ ಕೂಗುತ್ತಿದ್ದರು, ಮಗ ಮೆಟ್ಟಿಲಿಳಿದು ಓಡಿದರು. ಅವರು ತಲುಪುವಷ್ಟರಲ್ಲಿ ಸಜ್ಜಾದ ಮೇಲೆ ಮೂರ್ನಾಲ್ಕು ಹಸಿರು ಗರಿ ಮಾತ್ರ ಇದ್ದವು.

ಆರು ವರ್ಷ ಹಾರದ ಹಕ್ಕಿ ಅದು. ರೆಕ್ಕೆಯ ಗರಿ ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಎದೆಯ ಸ್ನಾಯು. ಹಾರುವ ಶಕ್ತಿ ಇರುವುದು ಅಲ್ಲಿ. ಬಳಸದಿದ್ದರೆ ಕರಗುತ್ತದೆ. ಜೊತೆಗೆ ಅದಕ್ಕೆ ಕಾಗೆ ಅಂದರೇನು ಗೊತ್ತಿಲ್ಲ, ಹದ್ದು ಗೊತ್ತಿಲ್ಲ, ಬೆಕ್ಕು ಗೊತ್ತಿಲ್ಲ. ಯಾವ ಮರದ ಹಣ್ಣು ಯಾವಾಗ ಆಗುತ್ತೆ ಗೊತ್ತಿಲ್ಲ. ಇದನ್ನೆಲ್ಲಾ ಮರಿ ತನ್ನ ಗುಂಪಿನಿಂದ ಕಲಿಯುತ್ತದೆ. ಮುತ್ತು ಕಲಿತದ್ದು ಕಾಫಿ ಕೇಳುವುದನ್ನು.

ಬಡ್ಜಿಗಳಲ್ಲಿ ಒಂದು ಪಂಜರ ಬಿಟ್ಟು ಕದಲಲಿಲ್ಲ. ಮೂರು ಹಾರಿದವು. ಅವಕ್ಕೆ ರೆಕ್ಕೆ ಚೆನ್ನಾಗಿತ್ತು. ಹಿಂದಿನ ಬೀದಿಯ ಹೊಂಗೆ ಮರದವರೆಗೆ ಹೋದದ್ದನ್ನು ನೋಡಿದ್ದಾರೆ.

ಮೊಮ್ಮಗಳು ನನಗೆ ಫೋನ್ ಮಾಡಿದ್ದು ಒಂಬತ್ತು ಗಂಟೆಗೆ. ಗೆಳತಿಯ ಕಡೆಯಿಂದ ನಂಬರ್ ಸಿಕ್ಕಿತ್ತು. "ಅಕ್ಕಾ, ನಾವು ತುಂಬಾ ದೊಡ್ಡ ತಪ್ಪು ಮಾಡ್ಬಿಟ್ವಿ" ಅಂತ ಅಳುತ್ತಿದ್ದಳು.

ಹುಡುಕಾಟ, ಮತ್ತು ನನ್ನ ತಪ್ಪು

ಬಡ್ಜಿಗೆ ಮಾಡಬೇಕಾದದ್ದು ಗೊತ್ತಿತ್ತು. ಅವು ಗುಂಪಿನ ಹಕ್ಕಿಗಳು, ಜೊತೆಗಾರನ ದನಿಗೆ ಬರುತ್ತವೆ. ಉಳಿದಿದ್ದ ಒಂದನ್ನು ಚಿಕ್ಕ ಪಂಜರಕ್ಕೆ ಹಾಕಿ, ಪಕ್ಕದಲ್ಲಿ ದೊಡ್ಡ ಪಂಜರ ಬಾಗಿಲು ತೆಗೆದಿಟ್ಟು, ಒಳಗೆ ನವಣೆ ಮತ್ತು ನೀರು. ಎರಡನ್ನೂ ತಾರಸಿಯ ನೆರಳಿನಲ್ಲಿ ಇಟ್ಟೆವು. ಯಾರಾದರೂ ಒಬ್ಬರು ದೂರದಲ್ಲಿ ಕೂತು ಕಾಯುವುದು. ಮರುದಿನ ಬೆಳಿಗ್ಗೆ ಒಂದು ವಾಪಸ್ ಬಂತು, ಬಂದದ್ದೇ ನವಣೆಗೆ ಬಿತ್ತು. ಎರಡನೆಯದರ ಹಳದಿ ಗರಿಗಳು ಸಂಪಿನ ಹತ್ತಿರ ಸಿಕ್ಕವು, ಬೆಕ್ಕಿನ ಕೆಲಸ. ಮೂರನೆಯದು ಸಿಗಲೇ ಇಲ್ಲ.

ಮುತ್ತು ವಿಷಯದಲ್ಲಿ ನಾನು ತಪ್ಪು ಮಾಡಿದೆ. ಬೇಗ ಸಿಗಲಿ ಅಂತ ಅದರ ಫೋಟೋ, "ಕಾಫಿ ಆಯ್ತಾ ಅನ್ನುತ್ತದೆ" ಅನ್ನೋ ವಿವರ, ನನ್ನ ನಂಬರ್ ಎಲ್ಲಾ ಹಾಕಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಸಂಜೆಯೊಳಗೆ ಎಲ್ಲೆಲ್ಲಿಗೋ ಹೋಯಿತು. ಎರಡು ಕರೆ ಬಂದವು, ಹಕ್ಕಿ ಸಿಕ್ಕಿದೆ ಅಂತಲ್ಲ. ಒಬ್ಬರು "ಮಾತಾಡೋ ಗಿಣಿ ಅಂದ್ರಲ್ಲ, ಸಿಕ್ಕಿದ್ರೆ ಎರಡು ಸಾವಿರ ಕೊಡ್ತೀನಿ" ಅಂದರು. ಇನ್ನೊಬ್ಬರು ಸಿಕ್ಕಿದರೆ ತಾವೇ ಇಟ್ಟುಕೊಳ್ಳುತ್ತೇವೆ ಅಂದರು. ಒಂದು ಕಾಡುಹಕ್ಕಿಗೆ ನಾನೇ ಗಿರಾಕಿ ಹುಡುಕಿಕೊಟ್ಟ ಹಾಗಾಯಿತು. ಆಮೇಲೆ ಯಾವ ಪ್ರಕರಣದಲ್ಲೂ ನಾನು ದೇಶೀ ಹಕ್ಕಿಯ ಫೋಟೋ ಹಂಚಿಲ್ಲ. ಅಕ್ಕಪಕ್ಕದ ಹತ್ತು ಮನೆಗೆ ಕಾಲ್ನಡಿಗೆಯಲ್ಲಿ ಹೋಗಿ ಹೇಳುತ್ತೇನೆ. ಹಾರಲಾರದ ಹಕ್ಕಿ ಹೆಚ್ಚು ದೂರ ಹೋಗಿರುವುದಿಲ್ಲ.

ಇಲ್ಲೂ ಹಾಗೇ ಆಯಿತು. ಮೂರನೇ ದಿನ ಬೆಳಿಗ್ಗೆ ಬೀದಿಯ ಕೊನೆಯಲ್ಲಿರುವ ಇಸ್ತ್ರಿ ಅಂಗಡಿಯವರು ಬಟ್ಟೆಗಂಟು ಬಿಚ್ಚುತ್ತಿದ್ದಾಗ ಹಲಗೆ ಕೆಳಗಿನಿಂದ "ಕಾಫಿ ಆಯ್ತಾ?" ಅಂತ ಕೇಳಿಸಿತಂತೆ. ಅವರು ಬಗ್ಗಿ ನೋಡಿ, ಮೆಲ್ಲಗೆ ಬುಟ್ಟಿ ಕವುಚಿ, ಮೇಲೊಂದು ಬಟ್ಟೆ ಹೊದಿಸಿ, ಮನೆಗೆ ಹೇಳಿಕಳಿಸಿದರು. ಬಾಯಿಗೆ ನೀರು ಹುಯ್ಯಲಿಲ್ಲ, ಅನ್ನ ತುರುಕಲಿಲ್ಲ. ಯಾರೂ ಹೇಳಿಕೊಡದೆ ಅವರು ಮಾಡಿದ್ದೆಲ್ಲಾ ಸರಿಯಾಗಿತ್ತು. ಪೆಟ್ಟಾದ ಹಕ್ಕಿಗೆ ಮೊದಲು ಬೇಕಾದದ್ದು ಕತ್ತಲೆ, ಬೆಚ್ಚಗಿನ ಜಾಗ ಮತ್ತು ಸದ್ದಿಲ್ಲದಿರುವುದು.

ಬಲಗಣ್ಣಿನ ಪಕ್ಕ ಕಾಗೆ ಕುಕ್ಕಿದ ಗಾಯ. ಮೈ ಹಗುರವಾಗಿತ್ತು. ಎದೆ ಮುಟ್ಟಿದರೆ ನಡುವಿನ ಎಲುಬು ಚಾಕುವಿನ ಬೆನ್ನಿನ ಹಾಗೆ ಕೈಗೆ ಸಿಕ್ಕುತ್ತಿತ್ತು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಟವೆಲ್ ಹಾಸಿ ಕೂರಿಸಿದೆವು. ಆರು ವರ್ಷದ ಹಿಂದೆ ಅದು ಈ ಮನೆಗೆ ಬಂದದ್ದೂ ರಟ್ಟಿನ ಡಬ್ಬದಲ್ಲೇ.

ಒಪ್ಪಿಸುವುದು

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಹಕ್ಕಿ ಕೈಗೆ ಸಿಕ್ಕಿದೆ, ಸಿಕ್ಕಿದ್ದು ಊರಿಗೆಲ್ಲಾ ಗೊತ್ತಾಗಿಲ್ಲ. ಖಾಸಗಿಯಾಗಿ ಔಷಧಿ ಮಾಡಿಸಿ ಮತ್ತೆ ಪಂಜರಕ್ಕೆ ಹಾಕಬಹುದಿತ್ತು. ಅಪ್ಪನ ಮನಸ್ಸು ಆ ಕಡೆ ವಾಲಿತ್ತು. ಅಜ್ಜಿ ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕೇಳಿದರು, "ಇದು ಇನ್ನೆಷ್ಟು ವರ್ಷ ಬದುಕುತ್ತಮ್ಮಾ?"

ಚೆನ್ನಾಗಿ ನೋಡಿಕೊಂಡರೆ ಗಿಣಿ ಇಪ್ಪತ್ತು ಇಪ್ಪತ್ತೈದು ವರ್ಷ ಬದುಕಬಹುದು ಅಂದೆ. ಅವರು ಲೆಕ್ಕ ಹಾಕಿದರು. ತಾವು ಹೋದ ಮೇಲೂ ಇದು ಇರುತ್ತದೆ, ಆಗ ನೋಡಿಕೊಳ್ಳುವವರು ಯಾರು, ಆ ಒಂದೂವರೆ ಅಡಿಯಲ್ಲೇ ಇರಬೇಕಾ? "ಫೋನ್ ಮಾಡಿ" ಅಂದರು. ಮಗನ ಕಡೆ ತಿರುಗಿ "ಕೇಳಿದ್ರೆ ನಿಮ್ಮಪ್ಪ ತಂದಿದ್ದು ಅಂತ ನಾನೇ ಹೇಳ್ತೀನಿ" ಅಂದರು.

ಅರಣ್ಯ ಇಲಾಖೆಯ ಸಹಾಯವಾಣಿ 1926. ಅಲ್ಲಿಂದ ಸ್ಥಳೀಯ ಕಚೇರಿಗೆ ವಿಷಯ ಹೋಯಿತು, ಸಿಬ್ಬಂದಿ ಮಧ್ಯಾಹ್ನ ಬಂದರು. ಹಕ್ಕಿ ಹೇಗೆ ಬಂತು, ಎಷ್ಟು ವರ್ಷದಿಂದ ಇದೆ, ಏನಾಯಿತು, ಎಲ್ಲವನ್ನೂ ಮನೆಯವರಿಂದ ಬರೆಸಿಕೊಂಡರು. ಮುಚ್ಚಿಡದೆ ಹೇಳಿದರು. ತಾವಾಗಿಯೇ ಒಪ್ಪಿಸುತ್ತಿದ್ದಾರೆ ಅನ್ನೋದನ್ನು ಪರಿಗಣಿಸಿ ಈ ಪ್ರಕರಣದಲ್ಲಿ ಕೇಸು ಹಾಕಲಿಲ್ಲ. ಎಲ್ಲಾ ಕಡೆ ಹೀಗೇ ಆಗುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಮೊದಲ ದಿನವೇ ಫೋನ್ ಮಾಡಿದ್ದರೆ ಕಾಗೆಯ ಗಾಯ ಇರುತ್ತಿರಲಿಲ್ಲ, ಎರಡು ಬಡ್ಜಿಗಳನ್ನು ಕಳೆದುಕೊಳ್ಳುತ್ತಿರಲಿಲ್ಲ ಅನ್ನೋದಂತೂ ಖಂಡಿತ. ಗಿಣಿ ಇಟ್ಟುಕೊಂಡವರನ್ನು ಬರೀ ಹೆದರಿಸಿದರೆ ಅವರು ಹೀಗೇ ಕದ್ದುಮುಚ್ಚಿ ಬಿಡುತ್ತಾರೆ. ಕಾನೂನು ಹೇಳುವವರು ಅದರ ಜೊತೆಗೆ ಎಲ್ಲಿಗೆ ಫೋನ್ ಮಾಡಬೇಕು ಅಂತಲೂ ಹೇಳಬೇಕು. ಕಾಲೇಜಿನ ಆ ಭಾಷಣದಲ್ಲಿ ಅದೊಂದು ಮಾತು ಇರಲಿಲ್ಲ.

ಡಬ್ಬ ಕೊಡುವ ಮುಂಚೆ ಮೊಮ್ಮಗಳು ಮೊಬೈಲ್ ಹಿಡಿದು ಅದರ ಪಕ್ಕ ಕೂತಳು. ಹಕ್ಕಿ ಹೆದರಿತ್ತು, ಬಾಯಿ ಬಿಡಲಿಲ್ಲ. ಹಳೇ ವಿಡಿಯೋ ಒಂದರಲ್ಲಿ ಆ ಎರಡು ಪದ ಸಿಕ್ಕಿತು. ಅದನ್ನೇ ತೆಗೆದಿಟ್ಟುಕೊಂಡಿದ್ದಾರೆ.

ಕೇಂದ್ರದಲ್ಲಿ ಒಂದು ವರ್ಷ

ಮುತ್ತುವನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದರು. ಮೊದಲ ತಿಂಗಳು ಅದನ್ನು ಬೇರೆ ಯಾವ ಹಕ್ಕಿಯ ಹತ್ತಿರವೂ ಬಿಡಲಿಲ್ಲ. ಗಿಣಿ ಜಾತಿಯಲ್ಲಿ ಕೊಕ್ಕು ಮತ್ತು ಗರಿಯನ್ನು ಹಾಳು ಮಾಡುವ ಒಂದು ವೈರಸ್ ಇದೆ, ಮನುಷ್ಯರ ಶ್ವಾಸಕೋಶಕ್ಕೂ ಹರಡುವ ಸಿಟಕೋಸಿಸ್ ಅನ್ನೋ ರೋಗವೂ ಇದೆ. ಮುತ್ತು ಮತ್ತು ಬಡ್ಜಿಗಳು ವರ್ಷಗಟ್ಟಲೆ ಒಂದೇ ವರಾಂಡದಲ್ಲಿದ್ದವು. ಒಂದರ ರೋಗ ಇನ್ನೊಂದಕ್ಕೆ, ಅಲ್ಲಿಂದ ಕೆರೆ ಪಕ್ಕದ ಕಾಡುಗಿಣಿಗಳಿಗೆ ಹೋಗಬಹುದಿತ್ತು. ಹಾರಿಬಿಡುವುದರಲ್ಲಿ ಈ ಅಪಾಯವೂ ಇದೆ ಅಂತ ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಪರೀಕ್ಷೆಯಲ್ಲಿ ಅದೃಷ್ಟಕ್ಕೆ ಏನೂ ಸಿಗಲಿಲ್ಲ. ಮನೆಯಲ್ಲಿ ಹಕ್ಕಿ ಇದ್ದು ಯಾರಿಗಾದರೂ ವಾಸಿಯಾಗದ ಕೆಮ್ಮು ಜ್ವರ ಬಂದರೆ, ಡಾಕ್ಟರು ಕೇಳದಿದ್ದರೂ ಹಕ್ಕಿ ಇದೆ ಅಂತ ಹೇಳಿ.

ಆಮೇಲೆ ಗರಿಯ ಪ್ರಶ್ನೆ. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಅದು ಉದುರಿ ಆ ಜಾಗದಲ್ಲಿ ಹೊಸದು ಬರಬೇಕು. ಅರಿವಳಿಕೆ ಕೊಟ್ಟು ಮೋಟು ಗರಿಗಳನ್ನು ಕಿತ್ತರೆ ಬೇಗ ಬರಬಹುದು, ಆದರೆ ಬುಡಕ್ಕೆ ಪೆಟ್ಟಾದರೆ ಮುಂದೆ ಬರುವ ಗರಿಯೂ ಸೊಟ್ಟ. ಪಶುವೈದ್ಯರು ಕಾಯೋಣ ಅಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಗರಿ ಬಂದವು. ಊಟವನ್ನು ನಿಧಾನಕ್ಕೆ ಬದಲಿಸಿದರು. ಸೂರ್ಯಕಾಂತಿ ಕಮ್ಮಿ ಮಾಡಿ ಸೀಬೆ, ನೇರಳೆ, ಹಸಿ ಜೋಳದ ತೆನೆ, ಕೊಂಬೆ ಸಮೇತ ಎಲೆ ಮೊಗ್ಗು. ಸಿಪ್ಪೆ ಇರುವ ಹಣ್ಣನ್ನು ಏನು ಮಾಡಬೇಕು ಅಂತ ಅದಕ್ಕೆ ಮೊದಲ ವಾರ ತಿಳಿಯಲಿಲ್ಲವಂತೆ. ಸುತ್ತ ನಡೆದು ನೋಡಿ ಬಿಟ್ಟುಬಿಡುತ್ತಿತ್ತು.

ಅಕ್ಟೋಬರಿನಲ್ಲಿ ಉದ್ದನೆಯ ಹಾರಾಟದ ಪಂಜರಕ್ಕೆ ಬಿಟ್ಟರು. ಅಲ್ಲಿ ಅದೇ ಬೇಸಿಗೆಯಲ್ಲಿ ಮಾರಾಟಗಾರರಿಂದ ವಶಪಡಿಸಿಕೊಂಡ ಐದು ಮರಿಗಳು ಬೆಳೆದು ದೊಡ್ಡವಾಗಿದ್ದವು. ಅವು ಒಂದನ್ನೊಂದು ನೋಡಿಕೊಂಡು ಬೆಳೆದವು, ಮನುಷ್ಯರನ್ನು ಕಂಡದ್ದು ಕಮ್ಮಿ. ಮುತ್ತು ಎರಡು ತಿಂಗಳಲ್ಲಿ ಆ ತುದಿಯಿಂದ ಈ ತುದಿಗೆ ನಿಲ್ಲದೆ ಹಾರಲು ಕಲಿಯಿತು. ಗುಂಪಿನ ಜೊತೆ ಕೂರಲು ಕಲಿಯಿತು. "ಕೀ ಕೀ" ಅಂತ ಕಿರುಚಲೂ ಶುರು ಮಾಡಿತು. ನಮಗೆಲ್ಲಾ ಆಸೆ ಹುಟ್ಟಿತು.

2024ರ ಜನವರಿಯಲ್ಲಿ ಪರೀಕ್ಷೆ. ಹಕ್ಕಿಗಳು ನೋಡಿರದ ಒಬ್ಬರು ಒಳಗೆ ಹೋಗಿ ಸುಮ್ನೆ ನಿಲ್ಲಬೇಕು. ಐದು ಗಿಣಿಗಳು ಚೀರಿ ಜಾಲರಿಯ ಮೇಲ್ತುದಿಗೆ ಹಾರಿದವು. ಆರನೆಯದು ಕೆಳಗಿಳಿದು ಬಂದು ಅವರ ಹೆಗಲ ಮೇಲೆ ಕೂತಿತು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿತಂತೆ, "ಕಾಫಿ ಆಯ್ತಾ?"

ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮಾಡಿದರು. ಅದೇ ಆಯಿತು.

ಬಿಟ್ಟರೆ ಏನಾಗುತ್ತೆ ಅಂತ ಊಹಿಸುವುದು ಕಷ್ಟವಲ್ಲ. ಯಾರದೋ ಹೆಗಲ ಮೇಲೆ ಹೋಗಿ ಕೂರುತ್ತದೆ, ಅವರು ಮನೆಗೊಯ್ದು ಪಂಜರಕ್ಕೆ ಹಾಕುತ್ತಾರೆ. ಇಲ್ಲವೇ ಕೈಲಿ ಕವಣೆ ಹಿಡಿದವನ ಹತ್ತಿರವೂ ಅಷ್ಟೇ ನಂಬಿಕೆಯಿಂದ ಹೋಗುತ್ತದೆ. ಕೇಂದ್ರದವರು ಇಲಾಖೆಯ ಜೊತೆ ಮಾತಾಡಿ ತೀರ್ಮಾನ ಮಾಡಿದರು. ಐದನ್ನು ಬಿಟ್ಟರು. ಮುತ್ತು ಅಲ್ಲೇ ಉಳಿಯಿತು, ಬಿಡಲಾಗದ ಬೇರೆ ಗಿಣಿಗಳ ಜೊತೆ, ದೊಡ್ಡ ಜಾಲರಿಯ ಮನೆಯಲ್ಲಿ.

ನಾನು ಇದನ್ನು ಸೋಲು ಅಂತ ಬರೆಯುವುದಿಲ್ಲ, ಗೆಲುವು ಅಂತಲೂ ಬರೆಯಲಾರೆ. ಅಜ್ಜನ ಕೈಯಲ್ಲಿ ಅನ್ನ ತಿಂದ ಮೊದಲ ಕೆಲವು ವಾರಗಳಲ್ಲೇ ಈ ಹಕ್ಕಿಯ ಕಾಡು ಮುಗಿದುಹೋಗಿತ್ತು. ಮುಂದೆ ನಾವು ಮಾಡಿದ್ದೆಲ್ಲಾ ಉಳಿದದ್ದರಲ್ಲಿ ಒಳ್ಳೆಯದನ್ನು ಆರಿಸಿದ್ದು ಅಷ್ಟೇ.

ಅಜ್ಜಿ ನೋಡಲು ಬರಬಹುದಾ ಅಂತ ಕೇಳಿದ್ದರು. ಬಿಡುವ ಪ್ರಯತ್ನ ನಡೆಯುತ್ತಿದ್ದಾಗ ಕೇಂದ್ರದವರು ಬೇಡ ಅಂದರು, ಅವರ ದನಿ ಕೇಳಿದರೆ ಕಲಿತದ್ದೆಲ್ಲಾ ವ್ಯರ್ಥ ಅಂತ. ಅವರು ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಬಿಡುವುದಿಲ್ಲ ಅಂತ ತೀರ್ಮಾನವಾದ ಮೇಲೆ ಈಗ ಬರಬಹುದು ಅಂದಾಗ, ಒಂದೇ ಸಲ ಬಂದರು. ದೂರದಲ್ಲೇ ನಿಂತರು. ಮುತ್ತು ಇನ್ನೊಂದು ಗಿಣಿಯ ಕತ್ತಿನ ಗರಿ ಕೆದರುತ್ತಾ ಕೂತಿತ್ತು. ಕರೆಯಲಾ ಅಂತ ನಾನೇ ಕೇಳಿದೆ. "ಬೇಡ, ಅದರ ಪಾಡಿಗೆ ಇರ್ಲಿ" ಅಂದರು.

ಉಳಿದ ಎರಡು ಬಡ್ಜಿ

ಬಡ್ಜಿಗಳ ಕಥೆ ಇದಕ್ಕೆ ತಿರುಗಾಮುರುಗಾ. ಅವು ಹೊರಗೆ ಹೋಗಬಾರದ ಹಕ್ಕಿಗಳು. ಅವುಗಳಿಗೆ ಮೈಸೂರಿನಲ್ಲಿ ಹೋಗಬೇಕಾದ ಕಾಡು ಅಂತ ಯಾವುದೂ ಇಲ್ಲ. ಮನೆಯೇ ಜವಾಬ್ದಾರಿ ಹೊರಬೇಕು.

ಮೊದಲ ಬದಲಾವಣೆ ಮಡಕೆ ತೆಗೆದದ್ದು. ಮೂರು ವರ್ಷದಲ್ಲಿ ಎಷ್ಟು ಮರಿ ಹಂಚಿದ್ದೀರಿ, ಅವು ಎಲ್ಲಿವೆ ಅಂತ ಕೇಳಿದೆ. ಲೆಕ್ಕ ಹಾಕಲು ಕೂತರೆ ಹತ್ತೊಂಬತ್ತು ಆಯಿತು. ಅದರಲ್ಲಿ ಈಗ ಎಲ್ಲಿದೆ ಅಂತ ಖಚಿತವಾಗಿ ಗೊತ್ತಿದ್ದದ್ದು ಆರು. ಮೊಮ್ಮಗಳ ಮುಖ ಬಾಡಿತು. ಮಡಕೆಯನ್ನು ಅವತ್ತೇ ಬಿಚ್ಚಿದಳು.

ಅಡ್ಡಕ್ಕೆ ಹಾರಲು ಜಾಗ ಇರುವ ಉದ್ದನೆಯ ಪಂಜರ ಮಾಡಿಸಿದರು. ಎತ್ತರದ ಪಂಜರ ನೋಡಲು ಚೆಂದ, ಹಕ್ಕಿಗೆ ಉಪಯೋಗ ಇಲ್ಲ. ನವಣೆಯ ಜೊತೆ ಕೊತ್ತಂಬರಿ, ಪಾಲಕ್, ತುರಿದ ಕ್ಯಾರೆಟ್. ಅಡುಗೆಮನೆಯಿಂದ ದೂರ ಇಟ್ಟರು. ನಾನ್‌ಸ್ಟಿಕ್ ಬಾಣಲೆ ತುಂಬಾ ಕಾದರೆ ಬರುವ ಹೊಗೆ ಹಕ್ಕಿಗಳ ಪ್ರಾಣ ತೆಗೆಯುತ್ತದೆ, ನಮಗೆ ವಾಸನೆ ಬರುವ ಮುಂಚೆಯೇ. ಸಂಜೆ ಅರ್ಧ ಗಂಟೆ ರೂಮಿನೊಳಗೆ ಹಾರಲು ಬಿಡುತ್ತಾರೆ. ಕಿಟಕಿ ಹಾಕಿ, ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ಚೀಟಿ ಅಂಟಿಸಿ. ಆ ಚೀಟಿಯಲ್ಲಿ ಅಜ್ಜಿಯ ಕೈಬರಹ: "ಹಕ್ಕಿ ಹೊರಗಿದೆ. ಬಾಗಿಲು ತಟ್ಟಿ."

2024ರ ಫೆಬ್ರವರಿಯಲ್ಲಿ ಹೊರದೇಶದ ಪ್ರಾಣಿಪಕ್ಷಿಗಳ ನೋಂದಣಿಗೆ ಕೇಂದ್ರ ಸರ್ಕಾರ ಹೊಸ ನಿಯಮ ತಂದಾಗ ಅಪ್ಪ ಗಾಬರಿಯಿಂದ ನನಗೆ ಫೋನ್ ಮಾಡಿದ್ದರು. ಬಡ್ಜಿ, ಕಾಕಟೀಲ್‌ಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿಲ್ಲ, ಅವುಗಳಿಗೆ ಆ ನೋಂದಣಿ ಬೇಕಿಲ್ಲ. ಆಫ್ರಿಕನ್ ಗ್ರೇ, ಮಕಾವ್ ತರಹದ ಹಕ್ಕಿ ಇದ್ದವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಮಾಡಿಸಲೇಬೇಕು. ಈ ಸಲ ಅವರು ಹೆದರಿ ಏನನ್ನೋ ಮಾಡುವ ಮುಂಚೆ ಕೇಳಿದರು. ನನಗೆ ಅದರಿಂದ ಆದ ಸಂತೋಷ ಹೇಳತೀರದು.

ಹಿತ್ತಲಿನ ತೆಂಗಿನ ಬೊಡ್ಡೆ

ಇವರ ಹಿತ್ತಲಿನಲ್ಲಿ ಸುಳಿ ಒಣಗಿ ಸತ್ತ ತೆಂಗಿನ ಮರವೊಂದಿತ್ತು. ಕಡಿಸಲು ಆಳನ್ನೂ ಗೊತ್ತು ಮಾಡಿದ್ದರು. ನಾನು ಬುಡದಿಂದ ಕಡಿಸಬೇಡಿ, ಮನೆಯ ಮೇಲೆ ಬೀಳದಷ್ಟು ಎತ್ತರ ಉಳಿಸಿ ಅಂತ ಕೇಳಿಕೊಂಡೆ. ಹನ್ನೆರಡು ಅಡಿ ಉಳಿಸಿದರು. ಅಂಥ ಬೊಡ್ಡೆಯನ್ನು ಮೊದಲು ಮರಕುಟಿಗ ಕೊರೆಯುತ್ತದೆ. ಅದು ಬಿಟ್ಟುಹೋದ ತೂತಿಗೆ ಮೈನಾ ಬರಬಹುದು, ಗಿಣಿ ಬರಬಹುದು. ಊರಿನೊಳಗೆ ಇಂಥ ಒಣಮರಗಳನ್ನು ನಾವು ಕಸ ಅಂತ ತೆಗೆಯುತ್ತೇವೆ, ಪೊಟರೆ ಹಕ್ಕಿಗಳಿಗೆ ಬಾಡಿಗೆ ಮನೆ ಸಿಗದ ಹಾಗೆ ಮಾಡುತ್ತೇವೆ.

ಕಾಳು ಹಾಕಿ ಗಿಣಿಗಳನ್ನು ಕರೆಯಬೇಡಿ ಅಂತಲೂ ಹೇಳಿದ್ದೇನೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು ಸಾಕು, ದಿನಾ ತೊಳೆದು ಇಡಬೇಕು. ಆ ತಟ್ಟೆಯ ಕೆಲಸ ಅಜ್ಜಿಯದು.

ಕಳೆದ ಡಿಸೆಂಬರಿನಲ್ಲಿ ಮೊಮ್ಮಗಳು ಒಂದು ವಿಡಿಯೋ ಕಳಿಸಿದಳು. ಬೊಡ್ಡೆಯ ತುದಿಯಿಂದ ಮೂರಡಿ ಕೆಳಗೆ ಒಂದು ದುಂಡನೆಯ ತೂತು, ಬುಡದಲ್ಲಿ ಹೊಸ ಮರದ ಪುಡಿ. ತೂತಿನೊಳಗಿಂದ ಮರಕುಟಿಗದ ಕೆಂಪು ಜುಟ್ಟು ಒಂದು ಸಲ ಹೊರಗೆ ಬಂದು ಒಳಗೆ ಹೋಯಿತು. ಹಿನ್ನೆಲೆಯಲ್ಲಿ ಅಜ್ಜಿ ಯಾರಿಗೋ ಹೇಳುತ್ತಿದ್ದರು, "ಹತ್ರ ಹೋಗ್ಬೇಡಿ, ಅಲ್ಲಿಂದಲೇ ನೋಡಿ."